ಮುಖವಾಡ ತೊಟ್ಟು ಮುಖ ಉಳಿಸಿಕೊಂಡ ಜಾಕ್ ಪ್ಲಾಂಟ್

ಗುಂಡ್ಯ: ಶಿರಾಡಿ ಘಾಟಿಯ ಬುಡದಲ್ಲಿರುವ ಪುಟ್ಟ ಪೇಟೆ ಗುಂಡ್ಯ. ಬೆಂಗಳೂರು–ಮಂಗಳೂರು ಹೆದ್ದಾರಿಯಿಂದ ಸುಬ್ರಹ್ಮಣ್ಯದತ್ತ ಕವಲೊಡೆಯುವ ರಸ್ತೆ ಇಲ್ಲಿಂದಲೇ ಹೊರಡುತ್ತದೆ. 2024ರ ಜೂನ್ 25ರ ರಾತ್ರಿ, ಸುರಿಯುವ ಮಳೆಯಲ್ಲಿ ಘಾಟಿ ಹತ್ತುವ ಮುನ್ನ ಇಲ್ಲಿನ ಹೋಟೆಲೊಂದರಲ್ಲಿ ಚಹಾಕ್ಕೆ ನಿಂತಿದ್ದಾಗ ನಾಲ್ಕಾರು ಯುವಕರು ಒಂದೇ ಮೊಬೈಲಿನ ಸುತ್ತ ಕುಳಿತು ಯೂರೋ ಕಪ್ ಫುಟ್‌ಬಾಲ್ ನೋಡುತ್ತಿದ್ದರು. ಫ್ರಾನ್ಸ್ ಮತ್ತು ಪೋಲೆಂಡ್ ನಡುವಣ ಪಂದ್ಯ. ಎಂಟು ದಿನಗಳ ಹಿಂದೆ ಆಸ್ಟ್ರಿಯಾ ವಿರುದ್ಧ ಆಡುವಾಗ ಮೂಗು ಮುರಿದುಕೊಂಡಿದ್ದ ಫ್ರಾನ್ಸ್ ನಾಯಕ ಕಿಲಿಯನ್ ಎಂಬಾಪೆ ಕಪ್ಪು ಮುಖಕವಚ ತೊಟ್ಟು ಮೈದಾನಕ್ಕಿಳಿದಿದ್ದ. ಯುವಕರಲ್ಲೊಬ್ಬ, ಇದೇನು ವೇಷ ಕಟ್ಟಿಕೊಂಡು ಬಂದಿದ್ದಾನೆ ಎಂದು ನಕ್ಕ. ಉಳಿದವರೂ ನಕ್ಕರು. ಅದೇ ಆಟಗಾರ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ನಗು ನಿಂತಿತು.

ಆ ನಗೆಯಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಅದಕ್ಕೂ 65 ವರ್ಷಗಳ ಹಿಂದೆ, ನ್ಯೂಯಾರ್ಕ್ ನಗರದ ಕ್ರೀಡಾಂಗಣವೊಂದರಲ್ಲಿ ಇದೇ ಬಗೆಯ ನಗೆಯನ್ನು ಎದುರಿಸಿ ನಿಂತ ವ್ಯಕ್ತಿಯೊಬ್ಬನಿದ್ದ. ಗಾಯಗೊಂಡ ಆಟಗಾರ ಮುಖಕ್ಕೆ ಕವಚ ಕಟ್ಟಿಕೊಂಡು ಮತ್ತೆ ಆಡಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬುದನ್ನು ವೃತ್ತಿಪರ ಕ್ರೀಡಾ ಜಗತ್ತು ಒಪ್ಪಿಕೊಳ್ಳುವಂತೆ ಮಾಡಿದವನು ಆತ. ಹೆಸರು ಜಾಕ್ ಪ್ಲಾಂಟ್. ಕೆನಡಾದ ಐಸ್ ಹಾಕಿ ಗೋಲ್‌ಕೀಪರ್. ಹಿಮದ ಆಟ ನಮಗೆ ದೂರದ್ದು. ಆದರೆ ಈ ಕಥೆಯಲ್ಲಿರುವ ಬಡತನ, ಹಠ ಮತ್ತು ಹುಸಿ ಮರ್ಯಾದೆ ಯಾವ ಊರಿಗೂ ಹೊಸತಲ್ಲ.

ಆಲೂಗಡ್ಡೆ ಚೀಲದ ಕಾಲುಕವಚ

ಪ್ಲಾಂಟ್ ಹುಟ್ಟಿದ್ದು 1929ರ ಜನವರಿ 17ರಂದು, ಕ್ವಿಬೆಕ್ ಪ್ರಾಂತ್ಯದ ಗ್ರಾಮೀಣ ಭಾಗದ ಒಂದು ತೋಟದ ಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಹಿರಿಯವನು. ತಂದೆಗೆ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಕುಟುಂಬ ಶಾವಿನಿಗನ್ ಫಾಲ್ಸ್ ಎಂಬ ಪಟ್ಟಣಕ್ಕೆ ಬಂತು. ಹನ್ನೊಂದು ಮಕ್ಕಳ ಮನೆಯಲ್ಲಿ ಆಟದ ಸಾಮಗ್ರಿಗೆ ಹಣ ಎಲ್ಲಿಂದ ಬರಬೇಕು? ಮಗನ ಮೊದಲ ಗೋಲ್‌ಕೀಪರ್ ಸ್ಟಿಕ್ಕನ್ನು ತಂದೆ ಮರದ ಬೇರಿನಿಂದ ಕೆತ್ತಿಕೊಟ್ಟರು. ಕಾಲಿಗೆ ಕಟ್ಟುವ ಪ್ಯಾಡುಗಳು ಆಲೂಗಡ್ಡೆ ಚೀಲಕ್ಕೆ ಮರದ ಪಟ್ಟಿ ಸೇರಿಸಿ ಮಾಡಿದವು. ತೆಂಗಿನ ಕೊತ್ತಳಿಗೆಯನ್ನೇ ಬ್ಯಾಟ್ ಮಾಡಿಕೊಂಡು ಗದ್ದೆಯಲ್ಲಿ ಕ್ರಿಕೆಟ್ ಆಡಿದ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಾಲಕನಿಗೆ ಉಬ್ಬಸವಿತ್ತು. ಹಿಮದ ಮೇಲೆ ಹೆಚ್ಚು ಹೊತ್ತು ಜಾರುತ್ತ ಓಡಿದರೆ ಉಸಿರು ಕಟ್ಟುತ್ತಿತ್ತು. ಓಡದೆ ಆಡಬಹುದಾದ ಜಾಗ ಒಂದೇ, ಗೋಲು ಪೆಟ್ಟಿಗೆಯ ಮುಂದೆ. ಹೀಗೆ ಕಾಯಿಲೆಯೇ ಆತನನ್ನು ಗೋಲ್‌ಕೀಪರ್ ಮಾಡಿತು. ಕೊಳ್ಳಲು ಹಣವಿಲ್ಲದ್ದರಿಂದ ಉಣ್ಣೆಯ ಟೊಪ್ಪಿಗೆಯನ್ನು ತಾನೇ ಹೆಣೆಯುವುದನ್ನು ತಾಯಿ ಕಲಿಸಿದರು. ಈ ಹೆಣಿಗೆಯ ಅಭ್ಯಾಸ ಜೀವನಪೂರ್ತಿ ಉಳಿಯಿತು. ದೇಶದ ಅತಿ ದೊಡ್ಡ ಆಟಗಾರರಲ್ಲೊಬ್ಬನಾದ ಮೇಲೂ ಆತ ರೈಲು ಪ್ರಯಾಣದಲ್ಲಿ ಹೆಣಿಗೆ ಕಡ್ಡಿ ಹಿಡಿದು ಕೂರುತ್ತಿದ್ದ. ತಂಡದವರು ಇಸ್ಪೀಟು ಆಡುವಾಗ ಇವನದು ಉಣ್ಣೆಯ ಉಂಡೆ. ಜನರ ನಗೆಗೆ ಹೆದರದಿರುವುದನ್ನು ಆತ ಅಲ್ಲಿಂದಲೇ ಕಲಿತನೇನೋ ಎಂದು ಈ ವರದಿಗಾರನಿಗೆ ಅನಿಸಿದೆ.

ಹನ್ನೆರಡನೆಯ ವಯಸ್ಸಿನಲ್ಲಿ ಶಾಲಾ ತಂಡದ ಅಭ್ಯಾಸವನ್ನು ಹೊರಗಿನಿಂದ ನೋಡುತ್ತ ನಿಂತಿದ್ದಾಗ ತರಬೇತುದಾರನಿಗೂ ಗೋಲ್‌ಕೀಪರ್‌ಗೂ ಜಗಳವಾಗಿ, ಆ ಹುಡುಗನನ್ನು ಹೊರಗೆ ಕಳಿಸಲಾಯಿತು. ಜಾಗ ಖಾಲಿಯಿದೆ, ನಾನು ನಿಲ್ಲಲೇ ಎಂದು ಪ್ಲಾಂಟ್ ಕೇಳಿದ. ಬೇರೆ ಯಾರೂ ಇರಲಿಲ್ಲವಾದ್ದರಿಂದ ಒಪ್ಪಿಗೆ ಸಿಕ್ಕಿತು. ಉಳಿದ ಆಟಗಾರರು ಆತನಿಗಿಂತ ಹಲವು ವರ್ಷ ದೊಡ್ಡವರು. ಆದರೂ ಜಾಗ ಬಿಟ್ಟುಕೊಡಬೇಕಾಗಿ ಬರಲಿಲ್ಲ. ಮುಂದೆ ಕಾರ್ಖಾನೆಯ ತಂಡಕ್ಕೆ ಆಡುತ್ತಿದ್ದಾಗ, ಸಂಭಾವನೆ ಕೇಳು ಎಂದು ತಂದೆ ಹೇಳಿದ್ದರಿಂದ ಕೇಳಿದ. ಪಂದ್ಯವೊಂದಕ್ಕೆ 50 ಸೆಂಟ್. ಉಳಿದ ಆಟಗಾರರಿಗೆ ತಿಳಿಸಬಾರದು ಎಂಬ ಷರತ್ತು ಬೇರೆ.

ಆರೇ ಮಂದಿಗೆ ಕೆಲಸ

ಪ್ಲಾಂಟ್‌ನ ಹೋರಾಟ ಅರ್ಥವಾಗಬೇಕಾದರೆ ಆ ಕಾಲದ ಲೆಕ್ಕವೊಂದನ್ನು ನೋಡಬೇಕು. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ 1967ರವರೆಗೆ ಇದ್ದದ್ದು ಆರೇ ತಂಡಗಳು. ತಂಡಕ್ಕೊಬ್ಬ ಗೋಲ್‌ಕೀಪರ್. ಅಂದರೆ ಇಡೀ ಖಂಡದಲ್ಲಿ ಆ ಉದ್ಯೋಗ ಇದ್ದದ್ದು ಆರು ಮಂದಿಗೆ. ಗಾಯವಾಗಿದೆ, ಇವತ್ತು ಆಡಲಾರೆ ಎಂದು ಹೇಳಿದವನ ಜಾಗಕ್ಕೆ ಕಿರಿಯ ಲೀಗುಗಳಲ್ಲಿ ಕಾಯುತ್ತಿದ್ದವರ ಸಾಲು ಉದ್ದವಿತ್ತು. ಹಾಗಾಗಿ ಗೋಲ್‌ಕೀಪರುಗಳು ಮುಖದ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಅದೇ ಪಂದ್ಯಕ್ಕೆ ಮರಳುತ್ತಿದ್ದರು. ಪ್ರತಿ ತಂಡವೂ ಇಬ್ಬರು ಗೋಲ್‌ಕೀಪರುಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂಬ ನಿಯಮ ಬಂದದ್ದು 1965ರಲ್ಲಿ.

ಅವರು ಎದುರಿಸುತ್ತಿದ್ದುದಾದರೂ ಏನನ್ನು? ಐಸ್ ಹಾಕಿಯಲ್ಲಿ ಚೆಂಡಿಲ್ಲ. ಬದಲಿಗೆ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ವ್ಯಾಸ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕ. ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ ಭಾರ. ಐವತ್ತರ ದಶಕದಲ್ಲಿ ಸ್ಟಿಕ್ಕನ್ನು ಹಿಂದಕ್ಕೆತ್ತಿ ಬೀಸಿ ಹೊಡೆಯುವ ಸ್ಲಾಪ್ ಶಾಟ್ ಜನಪ್ರಿಯವಾದ ಮೇಲೆ ಪಕ್ಕಿನ ವೇಗ ಗಂಟೆಗೆ 150 ಕಿಲೋಮೀಟರು ದಾಟತೊಡಗಿತು. ಗೋಲಿನ ಮುಂದೆ ಜನ ಗುಂಪುಗೂಡಿದ್ದರೆ ಅದು ಬರುವುದೇ ಕಾಣುವುದಿಲ್ಲ. ಯಾರದೋ ಕಾಲಿಗೆ, ಸ್ಟಿಕ್ಕಿಗೆ ತಗುಲಿ ದಿಕ್ಕು ಬದಲಿಸಿ ಮೇಲಕ್ಕೇಳುತ್ತದೆ. ಇದರೆದುರು ಬರಿಗಣ್ಣು, ಬರಿಮೂಗು, ಬರಿಹಲ್ಲು.

ಮುಖಕವಚದ ಯೋಚನೆ ಪ್ಲಾಂಟ್‌ನದೇ ಎನ್ನುವುದು ಸರಿಯಲ್ಲ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಎಲಿಜಬೆತ್ ಗ್ರಹಾಂ ಎಂಬಾಕೆ 1927ರಲ್ಲೇ ಕತ್ತಿವರಸೆಯವರ ಜಾಲರಿ ಮುಖವಾಡ ತೊಟ್ಟು ಗೋಲು ಕಾದಿದ್ದಳು. ಗಾಯ ಮಾಯುವವರೆಗೆಂದು ಕವಚ ತೊಟ್ಟ ಮೊದಲ ವೃತ್ತಿಪರ ಗೋಲ್‌ಕೀಪರ್ ಮಾಂಟ್ರಿಯಲ್ ಮರೂನ್ಸ್ ತಂಡದ ಕ್ಲಿಂಟ್ ಬೆನೆಡಿಕ್ಟ್. 1930ರ ಜನವರಿಯಲ್ಲಿ ಹೊವೀ ಮೊರೆಂಜ್ ಹೊಡೆದ ಪಕ್ ಆತನ ಮೂಗಿಗೂ ಕೆನ್ನೆಗೂ ಅಪ್ಪಳಿಸಿತು. ಆರು ವಾರಗಳ ನಂತರ ಚರ್ಮದ ಮುಖವಾಡ ಕಟ್ಟಿಕೊಂಡು ಬಂದ ಬೆನೆಡಿಕ್ಟ್ ಐದು ಪಂದ್ಯ ಆಡಿದ. ಮೂಗಿನ ಮೇಲಿನ ಭಾಗ ಕೆಳಗಿನ ನೋಟಕ್ಕೆ ಅಡ್ಡ ಬರುತ್ತಿತ್ತು. ಕಿತ್ತೆಸೆದ. ಆ ವರ್ಷವೇ ಆತನ ಲೀಗ್ ಬದುಕೂ ಮುಗಿಯಿತು. ಆಮೇಲೆ ಸುಮಾರು ಮೂವತ್ತು ವರ್ಷ ಲೀಗ್ ಪಂದ್ಯಗಳಲ್ಲಿ ಕವಚ ರೂಢಿಗೆ ಬರಲೇ ಇಲ್ಲ.

ಒಂದು ಕೆನ್ನೆ, ಇನ್ನೊಂದು ಕೆನ್ನೆ

ಪ್ಲಾಂಟ್‌ಗೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದಲ್ಲಿ ಮೊದಲ ಅವಕಾಶ ಸಿಕ್ಕಿದ್ದೇ ಇನ್ನೊಬ್ಬನ ಮುಖದ ಗಾಯದಿಂದ. 1952ರ ನವೆಂಬರ್‌ನಲ್ಲಿ ತಂಡದ ಗೋಲ್‌ಕೀಪರ್ ಜೆರ್ರಿ ಮೆಕ್‌ನೀಲ್‌ನ ದವಡೆ ಮುರಿದಾಗ ಬದಲಿಯಾಗಿ ಕರೆಸಲಾಯಿತು. ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ನಾಲ್ಕೇ ಗೋಲು. ಆದರೂ ತರಬೇತುದಾರ ಡಿಕ್ ಇರ್ವಿನ್‌ಗೆ ಈತನ ಉಣ್ಣೆ ಟೊಪ್ಪಿಗೆ ಕಂಡರಾಗದು. ತಲೆಗೆ ಟೊಪ್ಪಿಗೆ ಹಾಕಿ ಆಡುವುದು ವೃತ್ತಿಪರರಿಗೆ ಭೂಷಣವಲ್ಲ ಎಂಬ ವಾದ. ಒಂದು ದಿನ ಟೊಪ್ಪಿಗೆಗಳೆಲ್ಲ ಇದ್ದಕ್ಕಿದ್ದಂತೆ ಕಾಣೆಯಾದವು! ಟೊಪ್ಪಿಗೆಯ ಜಗಳದಲ್ಲಿ ಪ್ಲಾಂಟ್ ಸೋತ.

1954ರ ಹೊತ್ತಿಗೆ ಆತ ತಂಡದ ಕಾಯಂ ಗೋಲ್‌ಕೀಪರ್. ಗೋಲು ಬಿಟ್ಟು ಮುಂದೆ ಬಂದು, ಹಿಂದೆ ಹೋಗಿ ಪಕ್ಕನ್ನು ತಾನೇ ತಡೆದು ಸಹ ಆಟಗಾರರಿಗೆ ದಾಟಿಸುವ ಶೈಲಿಯನ್ನು ರೂಢಿಗೆ ತಂದವನು ಈತನೇ. ಗೋಲ್‌ಕೀಪರ್ ಎಂದರೆ ಕಂಬಕ್ಕೆ ಕಟ್ಟಿದ ಕಾವಲುಗಾರ ಎಂಬ ಕಲ್ಪನೆ ಅಲ್ಲಿಗೆ ಮುಗಿಯಿತು. ತಂಡ 1956ರಿಂದ 1960ರವರೆಗೆ ಸತತ ಐದು ವರ್ಷ ಸ್ಟ್ಯಾನ್ಲಿ ಕಪ್ ಗೆದ್ದಿತು. ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲ್‌ಕೀಪರ್‌ಗೆ ಸಲ್ಲುತ್ತಿದ್ದ ವೆಜಿನಾ ಪ್ರಶಸ್ತಿ ಆ ಐದೂ ವರ್ಷ ಪ್ಲಾಂಟ್‌ಗೇ. ಆತನಿಗೆ ಸಮನಾದವರು ಬಹಳ ಮಂದಿ ಇರಲಿಲ್ಲ.

ಅದೇ ವೇಳೆಗೆ ಮುಖ ಚೂರಾಗುತ್ತಿತ್ತು. 1954ರಲ್ಲಿ ಅಭ್ಯಾಸದ ವೇಳೆ ಸಹ ಆಟಗಾರನ ಹೊಡೆತಕ್ಕೆ ಒಂದು ಕೆನ್ನೆಯ ಮೂಳೆ ಮುರಿಯಿತು. ಮರುವರ್ಷ ಮತ್ತೆ ಅಭ್ಯಾಸದಲ್ಲೇ ಇನ್ನೊಂದು ಕೆನ್ನೆ. ವೃತ್ತಿಜೀವನದಲ್ಲಿ ಒಟ್ಟು ನಾಲ್ಕು ಬಾರಿ ಮೂಗು ಮುರಿದಿತ್ತು, ದವಡೆ ಮುರಿದಿತ್ತು, ತಲೆಬುರುಡೆಯಲ್ಲಿ ಬಿರುಕು ಬಿಟ್ಟಿತ್ತು, ಮುಖದ ಮೇಲೆ ಬಿದ್ದ ಹೊಲಿಗೆಗಳು ಸುಮಾರು 200. 1957ರಲ್ಲಿ ಸೈನಸ್ ಶಸ್ತ್ರಚಿಕಿತ್ಸೆಯಾದ ಬಳಿಕ, ಅಭ್ಯಾಸದಲ್ಲಿ ಮಾತ್ರ ಕವಚ ತೊಡಬಹುದೆಂದು ಹೊಸ ತರಬೇತುದಾರ ಟೋ ಬ್ಲೇಕ್ ಒಪ್ಪಿದ. ಪಂದ್ಯದಲ್ಲಿ ಕೂಡದು. ಕವಚ ತೊಟ್ಟರೆ ಪಕ್ ಕಾಣುವುದಿಲ್ಲ ಎಂಬುದು ಬ್ಲೇಕ್ ಮುಂದಿಟ್ಟ ಕಾರಣ. ಹೆದರಿಕೆಯಿಲ್ಲದವನು ಆಲಸಿಯಾಗುತ್ತಾನೆ ಎಂಬುದು ಒಳಗಿದ್ದ ಕಾರಣ. ಮುಖ ಮುಚ್ಚಿಕೊಳ್ಳುವವನು ಹೇಡಿ ಎಂಬುದು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿದ್ದ ಕಾರಣ.

ಮೊದಲು ಬಳಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ತೊಡಕುಗಳಿದ್ದವು. ಉಸಿರಿಗೆ ಮಂಜು ಕಟ್ಟುತ್ತಿತ್ತು, ದೀಪದ ಬೆಳಕು ಮೇಲೆ ಬಿದ್ದು ಕಣ್ಣಿಗೆ ರಾಚುತ್ತಿತ್ತು. ಬ್ಲೇಕ್‌ನ ಆಕ್ಷೇಪದಲ್ಲಿ ಅಷ್ಟು ಮಟ್ಟಿಗೆ ಹುರುಳಿತ್ತು ಎನ್ನಲೇಬೇಕು.

ಆಸ್ಪತ್ರೆಯಲ್ಲಿ ತೆಗೆದ ಅಚ್ಚು

ಪರಿಹಾರ ಬಂದದ್ದು ಪ್ರೇಕ್ಷಕರ ನಡುವಿನಿಂದ. ಫೈಬರ್‌ಗ್ಲಾಸ್ ತಯಾರಿಸುವ ಕೆನಡಾದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಬಿಲ್ ಬರ್ಚ್‌ಮೋರ್ 1958ರ ಪಂದ್ಯವೊಂದರಲ್ಲಿ ಪ್ಲಾಂಟ್‌ನ ಹಣೆಗೆ ಪಕ್ ಬಡಿದು ಆಟ ನಿಂತದ್ದನ್ನು ನೋಡಿದ್ದ. ಕಚೇರಿಯಲ್ಲಿ ಫೈಬರ್‌ಗ್ಲಾಸ್‌ನ ಮನುಷ್ಯಾಕೃತಿಯೊಂದನ್ನು ಕಂಡಾಗ ಮುಖದ ಅಳತೆಗೇ ಸರಿಯಾಗಿ ಕವಚ ಎರಕ ಹೊಯ್ಯಬಹುದಲ್ಲ ಎಂದು ಹೊಳೆಯಿತು. ಪ್ಲಾಂಟ್‌ಗೆ ಪತ್ರ ಬರೆದ. ಪ್ಲಾಂಟ್ ಕೂಡಲೇ ಓಗೊಡಲಿಲ್ಲ. 1959ರ ಬೇಸಿಗೆಯಲ್ಲಿ ಒಪ್ಪಿದ.

ಮಾಂಟ್ರಿಯಲ್ ಜನರಲ್ ಆಸ್ಪತ್ರೆಯಲ್ಲಿ ಅಚ್ಚು ತೆಗೆಯಲಾಯಿತು. ಕೂದಲು ಅಂಟದಂತೆ ತಲೆಗೆ ಹೆಂಗಸರು ಕಾಲಿಗೆ ತೊಡುವ ನೈಲಾನ್ ಸ್ಟಾಕಿಂಗ್, ಮುಖಕ್ಕೆ ವ್ಯಾಸಲೀನ್, ಉಸಿರಾಡಲು ಮೂಗಿನ ಹೊಳ್ಳೆಗಳಿಗೆ ಕೊಳವೆ, ಮೇಲೆ ಪ್ಲಾಸ್ಟರ್. ಗಟ್ಟಿಯಾದ ಆ ಅಚ್ಚಿನ ಮೇಲೆ ಫೈಬರ್‌ಗ್ಲಾಸ್ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಪದರ ಪದರವಾಗಿ ಹಚ್ಚಿ ಕವಚ ಮಾಡಿದರು. ತೂಕ 400 ಗ್ರಾಂನಷ್ಟು. ಬಣ್ಣ ಮೈಬಣ್ಣದ್ದೇ. ಕಣ್ಣಿಗೆ, ಬಾಯಿಗೆ ಕಿಂಡಿಗಳು. ನೋಡಿದವರಿಗೆ ತಲೆಬುರುಡೆ ಕಂಡಂತಾಗುತ್ತಿತ್ತು. ಆದರೆ ಮುಖಕ್ಕೆ ಅಂಟಿ ಕೂರುತ್ತಿದ್ದುದರಿಂದ ನೋಟಕ್ಕೆ ಅಡ್ಡಿ ಕಡಿಮೆ. ಬೆನೆಡಿಕ್ಟ್‌ನ ಚರ್ಮದ ಕವಚ ಸೋತದ್ದು ಎಲ್ಲಿಯೋ ಅಲ್ಲಿಯೇ ಇದು ಗೆದ್ದಿತು.

ಆ ಹೊಸ ಋತುವಿನಲ್ಲೂ ಬ್ಲೇಕ್ ಪಂದ್ಯದಲ್ಲಿ ಅದನ್ನು ತೊಡಲು ಬಿಡಲಿಲ್ಲ. ಕವಚ ಚೀಲದಲ್ಲೇ ಉಳಿಯಿತು.

1959ರ ನವೆಂಬರ್ 1

ಅಂದು ಭಾನುವಾರ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಂಜರ್ಸ್ ವಿರುದ್ಧ ಪಂದ್ಯ. ಆಟ ಆರಂಭವಾಗಿ ಮೂರು ನಿಮಿಷಗಳಷ್ಟೇ ಕಳೆದಿತ್ತು. ರೇಂಜರ್ಸ್‌ನ ಆಂಡಿ ಬಾತ್‌ಗೇಟ್ ಹಿಂಗೈಯಲ್ಲಿ ಎತ್ತಿ ಹೊಡೆದ ಪಕ್ ನೇರವಾಗಿ ಪ್ಲಾಂಟ್‌ನ ಮುಖಕ್ಕೆ ಬಂತು. ಮೂಗಿನ ಪಕ್ಕದಿಂದ ತುಟಿಯವರೆಗೆ ಸೀಳಿತು. ಹಿಮದ ಮೇಲೆ ರಕ್ತ. ಸಹ ಆಟಗಾರರ ಆಸರೆಯಲ್ಲಿ ಒಳಗೆ ಹೋದ. ವೈದ್ಯರು ಏಳು ಹೊಲಿಗೆ ಹಾಕಿದರು.

ಆ ಕೋಣೆಯಲ್ಲಿ ನಡೆದದ್ದು ಒಂದು ಚೌಕಾಸಿ. ತಂಡದ ಬಳಿ ಎರಡನೆಯ ಗೋಲ್‌ಕೀಪರ್ ಇಲ್ಲ. ಅಂಥ ಸಂದರ್ಭಕ್ಕೆಂದು ಅತಿಥೇಯ ಕ್ರೀಡಾಂಗಣದವರು ಕೊಡುವ ಹವ್ಯಾಸಿ ಬದಲಿಯನ್ನು ನಿಲ್ಲಿಸಿದರೆ ಪಂದ್ಯ ಕೈಬಿಟ್ಟಂತೆಯೇ. ಕವಚವಿದ್ದರೆ ಆಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಪ್ಲಾಂಟ್ ತಿಳಿಸಿದ. ಬ್ಲೇಕ್‌ಗೆ ಬೇರೆ ದಾರಿ ಇರಲಿಲ್ಲ. ಗಾಯ ಮಾಯುವವರೆಗೆ ಮಾತ್ರ ಎಂಬ ಕರಾರಿನ ಮೇಲೆ ಒಪ್ಪಿದ. ಸುಮಾರು ಇಪ್ಪತ್ತು ನಿಮಿಷಗಳ ನಂತರ ಪ್ಲಾಂಟ್ ಹೊರಬಂದಾಗ ಪ್ರೇಕ್ಷಕರು ಕಂಡದ್ದು ಬಿಳಿಚಿದ ಭೂತದಂಥ ಮುಖವೊಂದನ್ನು. ಪಂದ್ಯವನ್ನು ಕೆನೇಡಿಯನ್ಸ್ 3–1ರಿಂದ ಗೆದ್ದಿತು.

ಈ ಕರಾರು ಗಮನಾರ್ಹ. ಬ್ಲೇಕ್ ಒಪ್ಪಿದ್ದು ಚೇತರಿಕೆಯ ಕವಚಕ್ಕೆ, ಅಂದರೆ ಇವತ್ತು ಎಂಬಾಪೆ ತೊಟ್ಟಂಥದ್ದಕ್ಕೆ. ಮೂಳೆ ಕೂಡಿದ ಮೇಲೆ, ಹೊಲಿಗೆ ಬಿಚ್ಚಿದ ಮೇಲೆ ಅದನ್ನು ತೆಗೆದಿಡುವುದು ಗಂಡಸುತನ ಎಂಬ ಭಾವನೆ. ಪ್ಲಾಂಟ್‌ನ ಪ್ರಶ್ನೆ ಸರಳವಾಗಿತ್ತು. ಗಾಯವಾದ ಮೇಲೆ ತೊಡುವುದು ಸರಿಯಾದರೆ ಗಾಯವಾಗುವ ಮೊದಲು ತೊಡುವುದು ಏಕೆ ತಪ್ಪು? ಗಾಯ ಮಾಯಿತು, ಆತ ಕವಚ ತೆಗೆಯಲಿಲ್ಲ. ತಂಡದ ಅಜೇಯ ಓಟವೂ ನಿಲ್ಲಲಿಲ್ಲ. ಗೆಲ್ಲುತ್ತಿರುವ ತಂಡದ ಗೋಲ್‌ಕೀಪರ್ ಜೊತೆ ಯಾವ ತರಬೇತುದಾರ ತಾನೆ ಜಗಳವಾಡುತ್ತಾನೆ?

ಆದರೂ ಬ್ಲೇಕ್ ಮತ್ತೊಮ್ಮೆ ಪ್ರಯತ್ನಿಸಿದ. 1960ರ ಮಾರ್ಚ್ 8ರಂದು ಡೆಟ್ರಾಯ್ಟ್‌ನಲ್ಲಿ ಕವಚವಿಲ್ಲದೆ ಆಡುವಂತೆ ಕೇಳಿಕೊಂಡ. ಪ್ಲಾಂಟ್ ಮಾತು ಕೇಳಿದ. ತಂಡ 3–0ರಿಂದ ಸೋತಿತು. ಮರು ಪಂದ್ಯಕ್ಕೆ ಕವಚ ಮರಳಿತು, ಚರ್ಚೆ ಮುಗಿಯಿತು. ಆ ವರ್ಷದ ಸ್ಟ್ಯಾನ್ಲಿ ಕಪ್ ಸುತ್ತಿನಲ್ಲಿ ಕೆನೇಡಿಯನ್ಸ್ ಎಂಟು ಪಂದ್ಯ ಆಡಿ ಎಂಟನ್ನೂ ಗೆದ್ದಿತು. ಕವಚ ತೊಟ್ಟರೆ ಪಕ್ ಕಾಣುವುದಿಲ್ಲ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಹೀಗೆ ಆಲೋಚಿಸಿದರೆ, ಅದೃಷ್ಟವೂ ಇತ್ತು ಎನ್ನಬೇಕು. ಆತ ಆ ಹೊತ್ತಿಗೆ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್ ಆಗಿರದಿದ್ದರೆ? ಅಂದು ತಂಡದಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇದ್ದಿದ್ದರೆ? ಕವಚ ಚೀಲದಲ್ಲೇ ಉಳಿಯುತ್ತಿತ್ತು, ಪ್ಲಾಂಟ್ ಪ್ರಾಯಶಃ ಮನೆಗೆ ಹೋಗುತ್ತಿದ್ದ. ಲೀಗ್‌ನ ಉಳಿದವರು ಒಬ್ಬೊಬ್ಬರಾಗಿ ಹಿಂಬಾಲಿಸಿದರೂ ಅದಕ್ಕೆ ವರ್ಷಗಳೇ ಹಿಡಿದವು. ಗಂಪ್ ವೊರ್ಸ್‌ಲಿ ಕೊನೆಯ ಋತುವಿನವರೆಗೂ ಮುಖ ಮುಚ್ಚಲೊಪ್ಪಲಿಲ್ಲ. ಬರಿಮುಖದಲ್ಲಿ ಆಡಿದ ಕೊನೆಯವನು ಆಂಡಿ ಬ್ರೌನ್, 1974ರಲ್ಲಿ.

ಆಂಟಿಗಾದ ಬ್ಯಾಂಡೇಜು

ಇಲ್ಲಿ ಕನ್ನಡಿಗರಿಗೆ ಇನ್ನೊಂದು ಮುಖ ನೆನಪಾಗದಿರದು. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸ್‌ನ ಆಂಟಿಗಾದಲ್ಲಿ ಬ್ಯಾಟ್ ಮಾಡುವಾಗ ಮರ್ವಿನ್ ಡಿಲಾನ್ ಎಸೆದ ಚೆಂಡು ಅನಿಲ್ ಕುಂಬ್ಳೆ ಅವರ ದವಡೆಗೆ ಬಡಿಯಿತು. ರಕ್ತ ಉಗುಳುತ್ತ ಬ್ಯಾಟಿಂಗ್ ಮುಂದುವರಿಸಿದರು. ದವಡೆ ಮುರಿದಿದೆ ಎಂದು ಆಮೇಲೆ ತಿಳಿಯಿತು. ತಲೆಯಿಂದ ಗದ್ದದವರೆಗೆ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಬಂದು ಸತತ 14 ಓವರ್ ಬೌಲ್ ಮಾಡಿದರು. ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಮರುದಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ವಿಮಾನ ಹತ್ತಿದರು. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಆ ಆಟಗಾರನ ಚಿತ್ರವನ್ನು ಕರಾವಳಿಯಲ್ಲಿ ಎಷ್ಟು ಅಂಗಡಿಗಳ ಗೋಡೆಗೆ ಅಂಟಿಸಿದ್ದರೋ ಲೆಕ್ಕವಿಲ್ಲ.

ಆ ಧೈರ್ಯಕ್ಕೆ ತಲೆಬಾಗದವರಾರು? ಆದರೆ ಬ್ಯಾಂಡೇಜು ದವಡೆಯನ್ನು ಹಿಡಿದಿಡುತ್ತದೆಯೇ ಹೊರತು ಇನ್ನೊಂದು ಪೆಟ್ಟನ್ನು ತಡೆಯುವುದಿಲ್ಲ. ಕುಂಬ್ಳೆ ಅಂದು ಮಾಡಿದ್ದು ಬೌಲಿಂಗ್, ಚೆಂಡು ಅವರತ್ತ ಬರುವ ಸಾಧ್ಯತೆ ಕಡಿಮೆಯಿತ್ತು. ಹಳ್ಳಿಯ ಕಬಡ್ಡಿ ಅಂಕಣದಲ್ಲಿ ಮೊಣಕೈ ತಗುಲಿ ಮೂಗೊಡೆದುಕೊಂಡವನು ಹತ್ತಿ ತುರುಕಿಕೊಂಡು ಮತ್ತೆ ರೈಡಿಗೆ ಹೋಗುವಾಗ ನೆನಪಿಸಿಕೊಳ್ಳುವುದು ಆಂಟಿಗಾದ ಬ್ಯಾಂಡೇಜನ್ನೇ. ಪ್ಲಾಂಟ್‌ನ ಹೆಸರು ಆತನಿಗೆ ಗೊತ್ತಿರುವುದಿಲ್ಲ.

ಘಾಟಿಯ ಮೇಲಿರುವ ಕೊಡಗು ಹಾಕಿಯ ನಾಡು. ಒಲಿಂಪಿಕ್ಸ್‌ನಲ್ಲಿ ಮೂರು ಬಾರಿ ಭಾರತದ ಗೋಲು ಕಾದ ಶಂಕರ್ ಲಕ್ಷ್ಮಣ್ ಅವರ ಕಾಲದಲ್ಲಿ, ಅಂದರೆ ಪ್ಲಾಂಟ್‌ನ ಕಾಲದಲ್ಲೇ, ನಮ್ಮ ಹಾಕಿ ಗೋಲ್‌ಕೀಪರುಗಳೂ ಬರಿಮುಖದಲ್ಲೇ ನಿಲ್ಲುತ್ತಿದ್ದರು. ಈಗ ಗೋಲ್‌ಕೀಪರ್‌ಗೆ ಜಾಲರಿಯ ಶಿರಸ್ತ್ರಾಣವಿಲ್ಲದೆ ಆಟವಿಲ್ಲ. ಪೆನಾಲ್ಟಿ ಕಾರ್ನರ್ ವೇಳೆ ಗೋಲಿನಿಂದ ಮುನ್ನುಗ್ಗುವ ರಕ್ಷಣಾ ಆಟಗಾರರೂ ಮುಖಕವಚ ತೊಟ್ಟೇ ಓಡುತ್ತಾರೆ. ಅದನ್ನು ಕಂಡು ಇಂದು ಯಾರೂ ನಗುವುದಿಲ್ಲ.

ಚೇತರಿಕೆಯ ಕವಚದ ತಂತ್ರವೂ ಮುಂದೆ ಸಾಗಿದೆ, ಮೂಲತತ್ವ ಮಾತ್ರ ಬರ್ಚ್‌ಮೋರ್‌ನದೇ. ಮುಖದ ಅಳತೆಗೆ ಸರಿಯಾಗಿ ಕವಚ ಮಾಡಬೇಕು, ಮುರಿದ ಮೂಳೆಯ ಮೇಲೆ ಅದು ತಗುಲಬಾರದು. ಪೆಟ್ಟು ಬಿದ್ದರೆ ಆ ಬಲ ಹಣೆಗೆ, ಗಾಯವಿಲ್ಲದ ಕೆನ್ನೆಗೆ ಹಂಚಿಹೋಗಬೇಕು. ಒಳಬದಿಗೆ ಮೆತ್ತನೆಯ ಫೋಮ್. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೇ ಒತ್ತಿ ರೂಪ ಕೊಡುವುದು ಒಂದು ವಿಧಾನ. ಪ್ಲಾಸ್ಟರಿನ ಬದಲು ಸ್ಕ್ಯಾನರಿನಿಂದ ಮುಖದ ಅಳತೆ ತೆಗೆದು ಪಾಲಿಕಾರ್ಬೊನೇಟ್ ಇಲ್ಲವೇ ಕಾರ್ಬನ್ ನಾರಿನಲ್ಲಿ ತಯಾರಿಸುವುದು ಇನ್ನೊಂದು. ಮುಖದ ಮೂಳೆ ಗಟ್ಟಿಯಾಗಿ ಕೂಡಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಮೈದಾನಕ್ಕೆ ಮರಳುವ ದಿನವನ್ನು ನಿರ್ಧರಿಸುವುದು ವೈದ್ಯರ ಕೆಲಸ, ಕವಚದ್ದಲ್ಲ. ಅಂದಹಾಗೆ ಎಂಬಾಪೆ ಅಭ್ಯಾಸದಲ್ಲಿ ತೊಟ್ಟಿದ್ದು ಫ್ರಾನ್ಸ್ ಧ್ವಜದ ಮೂರು ಬಣ್ಣಗಳ ಕವಚ. ಪಂದ್ಯದಲ್ಲಿ ಒಂದೇ ಬಣ್ಣದ್ದಿರಬೇಕೆಂಬ ನಿಯಮದಿಂದಾಗಿ ಕಪ್ಪಿಗೆ ಬದಲಾಯಿಸಬೇಕಾಯಿತು. 1959ರಲ್ಲಿ ಕವಚ ತೊಡಬಹುದೇ ಎಂಬುದು ಪ್ರಶ್ನೆಯಾಗಿತ್ತು. ಈಗ ಯಾವ ಬಣ್ಣ ಎಂಬುದು.

ಕೊನೆಯ ವರ್ಷಗಳು

ಪ್ಲಾಂಟ್ ಜೊತೆ ಬಾಳುವುದು ಸುಲಭವಿರಲಿಲ್ಲ ಎಂಬುದನ್ನೂ ಹೇಳಬೇಕು. ಒಂಟಿ ಸ್ವಭಾವ. ಉಬ್ಬಸದ ಕಾರಣ ಕೊಟ್ಟು ಟೊರಾಂಟೊದಲ್ಲಿ ತಂಡದಿಂದ ದೂರ, ಬೇರೆ ಹೋಟೆಲಿನಲ್ಲಿ ಉಳಿಯುತ್ತಿದ್ದ. 1962ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಪ್ರಶಸ್ತಿ ಪಡೆದ ಮರುವರ್ಷವೇ ತಂಡ ಆತನನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ಬಿಟ್ಟುಕೊಟ್ಟಿತು. ಅದೇ ಗಾರ್ಡನ್ ಕ್ರೀಡಾಂಗಣ ಈಗ ತವರು ಅಂಗಳ. 1965ರಲ್ಲಿ ನಿವೃತ್ತಿ. ಅದೇ ಡಿಸೆಂಬರ್‌ನಲ್ಲಿ ಸೋವಿಯತ್ ರಾಷ್ಟ್ರೀಯ ತಂಡ ಮಾಂಟ್ರಿಯಲ್‌ಗೆ ಬಂದಾಗ, ಕಿರಿಯರ ತಂಡವೊಂದರ ಪರ ಗೋಲು ಕಾದು 2–1ರ ಗೆಲುವು ತಂದುಕೊಟ್ಟ.

1968ರಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡ ಕರೆದಾಗ ಮರಳಿ ಬಂದ. ವಯಸ್ಸು ನಲವತ್ತರ ಹತ್ತಿರ. ಗ್ಲೆನ್ ಹಾಲ್ ಜೊತೆ ಹಂಚಿಕೊಂಡು ಏಳನೆಯ ವೆಜಿನಾ ಪ್ರಶಸ್ತಿ ಗೆದ್ದ. 1970ರ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯಲ್ಲಿ ಬೋಸ್ಟನ್ ತಂಡದ ಫ್ರೆಡ್ ಸ್ಟ್ಯಾನ್‌ಫೀಲ್ಡ್ ಹೊಡೆದ ಪಕ್ ದಾರಿಯಲ್ಲಿ ಸ್ಟಿಕ್ಕಿಗೆ ತಗುಲಿ ಮೇಲೆದ್ದು ಆತನ ಹಣೆಗೆ ಅಪ್ಪಳಿಸಿತು. ಫೈಬರ್‌ಗ್ಲಾಸ್ ಒಡೆಯಿತು. ಪ್ಲಾಂಟ್ ಪ್ರಜ್ಞೆ ತಪ್ಪಿ ಬಿದ್ದ. ಆಸ್ಪತ್ರೆಯಲ್ಲಿ ಕಣ್ಣು ತೆರೆದ ಮೇಲೆ, ಕವಚವಿರದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದು ಹೇಳಿಕೊಂಡ. ಹನ್ನೊಂದು ವರ್ಷದ ಹಿಂದೆ ಚೌಕಾಸಿ ಮಾಡಿ ಪಡೆದ ಹಕ್ಕು ಜೀವ ಉಳಿಸಿತ್ತು. ಮರುವರ್ಷ ಟೊರಾಂಟೊ ಪರ ಆಡುತ್ತ ಲೀಗ್‌ನ ಎಲ್ಲ ಗೋಲ್‌ಕೀಪರುಗಳಿಗಿಂತ ಉತ್ತಮ ಸರಾಸರಿ ದಾಖಲಿಸಿದಾಗ ಆತನಿಗೆ 42 ವರ್ಷ.

ಆ ದಿನಗಳಲ್ಲೇ ಕ್ವಿಬೆಕ್‌ನ ಮ್ಯಾಗೊಗ್ ಪಟ್ಟಣದಲ್ಲಿ ಫೈಬ್ರೊಸ್ಪೋರ್ಟ್ ಎಂಬ ಸಂಸ್ಥೆ ಕಟ್ಟಿ ಕವಚಗಳನ್ನು ತಯಾರಿಸತೊಡಗಿದ. ಗೋಲು ಕಾಯುವ ಕಲೆಯ ಬಗ್ಗೆ ಪುಸ್ತಕ ಬರೆದ. 1972ರಲ್ಲಿ ಕೆನಡಾ ಮತ್ತು ಸೋವಿಯತ್ ತಂಡಗಳ ಐತಿಹಾಸಿಕ ಸರಣಿಯ ಮೊದಲ ಪಂದ್ಯಕ್ಕೆ ಮುನ್ನ ಸೋವಿಯತ್ ಆಟಗಾರರ ಕೋಣೆಗೆ ಹೋಗಿ, ಕೆನಡಾದ ಮುಖ್ಯ ಆಟಗಾರರು ಹೇಗೆ ಹೊಡೆಯುತ್ತಾರೆ ಎಂಬುದನ್ನು ಎದುರಾಳಿ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್‌ಗೆ ವಿವರಿಸಿ ಬಂದ. ಇಪ್ಪತ್ತು ವರ್ಷದ ಹುಡುಗ, ದೊಡ್ಡವರ ಕೈಯಲ್ಲಿ ನಜ್ಜುಗುಜ್ಜಾಗಬಾರದು ಎಂಬ ಕನಿಕರ. ಅಂದು ಕೆನಡಾ 7–3ರಿಂದ ಸೋತಿತು! ಗೋಲ್‌ಕೀಪರುಗಳ ನಡುವೆ ದೇಶಕ್ಕಿಂತ ಹಳೆಯದೊಂದು ನಂಟಿರಬೇಕು.

ಎಡ್ಮಂಟನ್ ತಂಡದ ಪರ ಒಂದು ಋತು ಆಡಿ, ಮುಂದಿನದಕ್ಕೆ ಸಿದ್ಧನಾಗುತ್ತಿದ್ದಾಗ 1975ರಲ್ಲಿ ಕಿರಿಯ ಮಗನ ಸಾವಿನ ಸುದ್ದಿ ಬಂತು. ಪ್ಲಾಂಟ್ ಆಟ ಬಿಟ್ಟ. ಸ್ವಿಟ್ಜರ್‌ಲೆಂಡ್‌ನ ಸಿಯೆರ್ ಎಂಬ ಊರಿನಲ್ಲಿ ನೆಲೆಸಿದ. ಆಗಾಗ ಕೆನಡಾ, ಅಮೆರಿಕಗಳಿಗೆ ಹೋಗಿ ಎಳೆಯ ಗೋಲ್‌ಕೀಪರುಗಳಿಗೆ ತರಬೇತಿ ಕೊಡುತ್ತಿದ್ದ. 1978ರಲ್ಲಿ ಹಾಕಿ ಗೌರವ ಸಭೆಗೆ ಹೆಸರು ಸೇರಿತು. ಹೊಟ್ಟೆಯ ಕ್ಯಾನ್ಸರ್ ತಗುಲಿ 1986ರ ಫೆಬ್ರವರಿಯಲ್ಲಿ ಜಿನೀವಾದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 57.

ಅಂತ್ಯಸಂಸ್ಕಾರದ ದಿನ, ಪಂದ್ಯಾವಳಿಗೆಂದು ಕ್ವಿಬೆಕ್‌ನಿಂದ ಸ್ವಿಟ್ಜರ್‌ಲೆಂಡ್‌ಗೆ ಬಂದಿದ್ದ ಎಳೆಯರ ತಂಡವೊಂದು ಇಗರ್ಜಿಯ ಬಾಗಿಲಲ್ಲಿ ಎರಡು ಸಾಲಾಗಿ ನಿಂತು ಹಾಕಿ ಸ್ಟಿಕ್ಕುಗಳನ್ನು ಎತ್ತಿ ಕಮಾನು ಮಾಡಿತು. ಶವಪೆಟ್ಟಿಗೆಯನ್ನು ಅದರಡಿಯಲ್ಲಿ ಹೊರತರಲಾಯಿತು. ಮಾಂಟ್ರಿಯಲ್ ತಂಡ ಆತನ 1ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಶಾಶ್ವತವಾಗಿ ತೆಗೆದಿರಿಸಿದ್ದು 1995ರಲ್ಲಿ.